ಬೆಳೆದ ನಾಯಿಗೊಂದು ತವರು

ನಾಯಿಯನ್ನು ಕುರಿತ ಪುಸ್ತಕಗಳಲ್ಲಿ ಬಹುಪಾಲು ಮರಿಯಿಂದಲೇ ಮೊದಲಾಗುತ್ತವೆ. ಬುಟ್ಟಿಯಲ್ಲಿ ಬಂದ ಮರಿ, ರಾತ್ರಿಯೆಲ್ಲ ಕುಂಯ್‌ಗುಟ್ಟಿ ಮನೆಯವರ ನಿದ್ದೆ ಕೆಡಿಸಿದ ಮರಿ, ಯಜಮಾನರ ಚಪ್ಪಲಿಯನ್ನೇ ಹುಡುಕಿ ಕಡಿದ ಮರಿ ಕಣ್ಣೆದುರಿಗೇ ಬೆಳೆದು ದೊಡ್ಡದಾಗಿ, ಕೊನೆಯ ಅಧ್ಯಾಯದಲ್ಲಿ ಸತ್ತು ಎಲ್ಲರನ್ನೂ ಅಳಿಸುತ್ತದೆ. ಬರೆಯುವವನಿಗೆ ಇದು ಬಹಳ ಅನುಕೂಲವಾದ ದಾರಿ. ನಾಯಿಯ ಇಡೀ ಬಾಳು ಅವನ ದಿನಚರಿಯಲ್ಲಿದೆ. ಅವನಿಗೆ ತಿಳಿಯದ ಒಂದು ದಿನವೂ ಅದಕ್ಕಿಲ್ಲ. ನಾಲ್ಕೈದು ವರ್ಷ ಬೇರೆಲ್ಲಿಯೋ ಬದುಕಿದ ನಾಯಿಯನ್ನು ಮನೆಗೆ ತಂದುಕೊಂಡವನ ಪಾಡು ಹೀಗಲ್ಲ. ಅದಕ್ಕೆ ಆಗಲೇ ಒಂದು ಹೆಸರಿತ್ತು, ಆ ಹೆಸರು ಹಿಡಿದು ಕರೆಯುವವರಿದ್ದರು. ಅದು ಯಾವುದಕ್ಕೆ ಹೆದರುತ್ತದೆ, ಯಾರನ್ನು ನೆನೆಯುತ್ತದೆ ಎಂಬುದನ್ನು ಹೊಸ ಯಜಮಾನ ಊಹಿಸಬೇಕೇ ಹೊರತು ಕೇಳಿ ತಿಳಿಯುವಂತಿಲ್ಲ.

ನಮ್ಮ ಬೀದಿಯ ಮನೆಯೊಂದಕ್ಕೆ ಇಂಥ ನಾಯಿಯೊಂದು ಬಂದಿದೆ. ಪ್ರಾಣಿಗಳ ಆಶ್ರಯವೊಂದರಿಂದ ತಂದದ್ದು. ವಯಸ್ಸು ಐದೋ ಆರೋ ಇರಬಹುದೆಂದು ಹಲ್ಲು ನೋಡಿ ಹೇಳಿದರಂತೆ. ಮನೆಯವರು ಅಕ್ಕರೆಯವರು, ನಾಯಿಯೂ ಸಾಧು. ಆದರೆ ಸಂಜೆ ಆರರ ಹೊತ್ತಿಗೆ ಹಳೆಯ ಸ್ಕೂಟರೊಂದು ಬೀದಿಯ ತಿರುವಿನಲ್ಲಿ ಸದ್ದು ಮಾಡಿದರೆ ಸಾಕು, ತಟ್ಟೆಯ ಅನ್ನವನ್ನೂ ಬಿಟ್ಟು ಗೇಟಿಗೆ ಓಡುತ್ತದೆ. ಸ್ಕೂಟರು ಮುಂದೆ ಹೋಗುತ್ತದೆ. ನಾಯಿ ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತದೆ. “ಪಾಪ, ಯಾವ ಪಾಪಿಗಳ ಮನೆಯಲ್ಲಿತ್ತೋ!” ಎಂದು ಮನೆಯಾಕೆ ಮೊದಲ ದಿನಗಳಲ್ಲಿ ಹೇಳುತ್ತಿದ್ದರು. ಈಚೆಗೆ ಹೇಳುವುದಿಲ್ಲ. ಪಾಪಿಗಾಗಿ ಯಾರೂ ಗೇಟಿಗೆ ಓಡುವುದಿಲ್ಲವೆಂದು ಅವರಿಗೂ ಹೊಳೆದಿರಬೇಕು.

ಇಂಥ ನಾಯಿಯನ್ನು ಪತ್ರಿಕೆಗಳು ‘ದತ್ತು’ ತೆಗೆದುಕೊಂಡದ್ದು ಎನ್ನುತ್ತವೆ. ಮಾತು ಸರಿಯಲ್ಲವೆಂದು ನನ್ನ ಅನಿಸಿಕೆ. ದತ್ತಕದಲ್ಲಿ ಮಗುವಿನ ಗೋತ್ರವೇ ಬದಲಾಗುತ್ತದೆ. ಹಿಂದಿನದು ಅಳಿಸಿತೆಂದೇ ಶಾಸ್ತ್ರದ ಲೆಕ್ಕ. ಬೆಳೆದ ನಾಯಿ ಬರುವುದು ಸೊಸೆ ಬಂದಂತೆ. ಅವಳಿಗೊಂದು ತವರಿದೆ. ತವರು ಬಡವಾಗಿದ್ದಿರಬಹುದು, ಅಲ್ಲಿ ಹೊಡೆದದ್ದೂ ಉಂಟಿರಬಹುದು. ಆದರೂ ಅದು ತವರು. ಅದನ್ನು ಮರೆತುಬಿಡು ಎಂದು ಹೇಳುವ ಅತ್ತೆಯನ್ನು ನಾವು ಒಳ್ಳೆಯವಳೆನ್ನುತ್ತೇವೆಯೆ?

2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಬೀದಿನಾಯಿಗಳನ್ನು ಹಿಡಿದು ಆಶ್ರಯಗಳಲ್ಲಿಡಬೇಕೆಂದು ಒಮ್ಮೆ, ಹನ್ನೊಂದು ದಿನಗಳ ಅನಂತರ ಅದನ್ನು ಸಡಿಲಿಸಿ ಮತ್ತೊಮ್ಮೆ ಆಜ್ಞೆ ಮಾಡಿದಾಗಿನಿಂದ ಆಶ್ರಯವೆಂಬ ಮಾತು ಎಲ್ಲರ ಬಾಯಲ್ಲಿದೆ. ಮಾತು ಹೊಸದೇನೂ ಅಲ್ಲ. 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಲಂಡನ್ನಿನ ಹಾಲೊವೇಯಲ್ಲಿ ದಿಕ್ಕಿಲ್ಲದ ನಾಯಿಗಳಿಗೊಂದು ಮನೆ ತೆರೆದಾಗ ಪತ್ರಿಕೆಗಳು ಹಾಸ್ಯಮಾಡಿದವು. 1862ರಲ್ಲಿ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯು ಬಹುಮಾನದ ನಾಯಿಗಳ ಪ್ರದರ್ಶನವನ್ನೂ ಈ ಮನೆಯನ್ನೂ ಅಕ್ಕಪಕ್ಕ ಇಟ್ಟು ಲೇಖನ ಪ್ರಕಟಿಸಿದ ಮೇಲೆ ಜನರ ನಗೆ ಸ್ವಲ್ಪ ಅಡಗಿತು. 1871ರಲ್ಲಿ ಬ್ಯಾಟರ್‌ಸೀಗೆ ಹೋದ ಆ ಮನೆ ಇಂದಿಗೂ ಇದೆ. ನಮ್ಮ ಬೆಂಗಳೂರಿನಲ್ಲಿ ಕ್ರಿಸ್ಟಲ್ ರಾಜರ್ಸ್ 1991ರಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಕಟ್ಟಿದರು. ಮನೆಗಳು ಹೀಗೆ ಹುಟ್ಟಿದವು. ಆದರೆ ಅಲ್ಲಿಂದ ಹೊರಟ ನಾಯಿಯ ಮನಸ್ಸನ್ನು ಹಿಡಿಯಬಲ್ಲ ಬರವಣಿಗೆ ವಿರಳ.

ಆ ವಿರಳವಾದ ಬರವಣಿಗೆಯನ್ನು ಮಾಡಿದವನು ಜೆ. ಆರ್. ಅಕರ್ಲಿ. ನಮ್ಮವರಿಗೆ ಈತ ತೀರ ಅಪರಿಚಿತನೇನಲ್ಲ. ಇ. ಎಂ. ಫಾರ್ಸ್ಟರನ ಸ್ನೇಹಿತ, ಫಾರ್ಸ್ಟರನ ಮಾತಿನಿಂದಲೇ ಛತ್ರಪುರದ ಮಹಾರಾಜನ ಕಾರ್ಯದರ್ಶಿಯಾಗಿ ಕೆಲವು ತಿಂಗಳು ಇಂಡಿಯಾದಲ್ಲಿದ್ದು, 1932ರಲ್ಲಿ ‘ಹಿಂದೂ ಹಾಲಿಡೇ’ ಎಂಬ ಕುಚೋದ್ಯದ ಪುಸ್ತಕ ಬರೆದವನು. ಮುಂದೆ ಬಹುಕಾಲ ಬಿ.ಬಿ.ಸಿ.ಯ ‘ಲಿಸನರ್’ ಪತ್ರಿಕೆಯ ಸಾಹಿತ್ಯ ಸಂಪಾದಕನಾಗಿದ್ದ. ನಡುವಯಸ್ಸಿನಲ್ಲಿ, ಒಂಟಿತನ ಮೈಗೂಡಿದ್ದ ಕಾಲದಲ್ಲಿ, ಅವನ ಮನೆಗೆ ಬಂದದ್ದು ಕ್ವೀನಿ ಎಂಬ ಅಲ್ಸೇಷಿಯನ್ ಹೆಣ್ಣುನಾಯಿ. ಬರುವಾಗ ಅವಳಿಗೆ ಮರಿತನ ಕಳೆದಿತ್ತು. ಹಿಂದಿದ್ದ ಮನೆಯವರು ಕೂಲಿನಾಲಿ ಮಾಡುವ ಜನ. ಪ್ರೀತಿಯಿದ್ದರೂ ಅವಳನ್ನು ಹೊರಗೆ ತಿರುಗಾಡಿಸುವುದು ಅಪರೂಪ, ಆಗಾಗ ಏಟು. ಈ ಒಂದು ನಾಯಿಯಿಂದ ಅವನು ಎರಡು ಪುಸ್ತಕ ಬರೆದ: 1956ರ ‘ಮೈ ಡಾಗ್ ಟ್ಯೂಲಿಪ್’, 1960ರ ಕಾದಂಬರಿ ‘ವಿ ಥಿಂಕ್ ದಿ ವರ್ಲ್ಡ್ ಆಫ್ ಯೂ’.

(ನಾಯಿಗೆ ‘ಅವಳು’ ಎಂದು ಬರೆದುದಕ್ಕೆ ವ್ಯಾಕರಣ ಪಂಡಿತರು ಕ್ಷಮಿಸಬೇಕು. ಕನ್ನಡದಲ್ಲಿ ನಾಯಿ ನಪುಂಸಕಲಿಂಗವೇ ಸರಿ. ಆದರೆ ಸಾಕಿದವರ ಮನೆಯ ಅಡಿಗೆಕೋಣೆಯಲ್ಲಿ ಕಿವಿಗೊಟ್ಟು ಕೇಳಿ: “ಅವಳು ಬೆಳಗಿನಿಂದ ಏನೂ ತಿಂದಿಲ್ಲ” ಎಂಬ ಮಾತೇ ಕೇಳಿಬರುತ್ತದೆ. ಅಕರ್ಲಿಯ ನಾಯಿಯನ್ನು ‘ಅದು’ ಎಂದರೆ ಅವನ ಪುಸ್ತಕಕ್ಕೇ ಅನ್ಯಾಯವಾದೀತು.)

‘ಟ್ಯೂಲಿಪ್’ ಪುಸ್ತಕದ ಮೊದಲ ಅಧ್ಯಾಯದಲ್ಲಿಯೇ ಅದರ ತಿರುಳಿದೆ. ಟ್ಯೂಲಿಪ್ ಪಶುವೈದ್ಯರ ಪಾಲಿಗೆ ಮಾರಿ. ಯಾರೂ ಅವಳನ್ನು ಮುಟ್ಟುವಂತಿಲ್ಲ. ಒಬ್ಬೊಬ್ಬ ವೈದ್ಯನೂ ಬೈದೋ ಬೆದರಿಯೋ ಕಳುಹಿಸುತ್ತಾನೆ. ಕೊನೆಗೆ ಮಿಸ್ ಕ್ಯಾನ್ವಿ ಎಂಬ ವೈದ್ಯೆ ಸಿಕ್ಕುತ್ತಾಳೆ. ಆಕೆ ಯಜಮಾನನನ್ನು ಕೋಣೆಯಿಂದ ಹೊರಗೆ ಕಳುಹಿಸುತ್ತಾಳೆ. ಅವನು ಆಚೆ ಹೋದದ್ದೇ ತಡ, ಟ್ಯೂಲಿಪ್ ಕುರಿಮರಿಯಂತೆ ನಿಲ್ಲುತ್ತಾಳೆ. ನಾಯಿಯಲ್ಲಿ ದೋಷವಿಲ್ಲ, ತೊಂದರೆ ನಿಮ್ಮಿಂದಲೇ ಎಂದು ವೈದ್ಯೆ ಅವನಿಗೆ ತಿಳಿಸುತ್ತಾಳೆ. ಅವಳಿಗೆ ನಿಮ್ಮ ಮೇಲೆ ಪ್ರಾಣ. ನಿಮ್ಮನ್ನು ಕಾಯುವುದೇ ಅವಳ ಚಿಂತೆ, ಅದಕ್ಕಾಗಿಯೇ ಹಲ್ಲು ತೋರಿಸುತ್ತಾಳೆ ಎಂಬುದು ಆಕೆಯ ಮಾತಿನ ಸಾರಾಂಶ. ನಾಯಿಯನ್ನು ಉದ್ಧಾರ ಮಾಡಿದೆನೆಂದು ಬೀಗುತ್ತಿದ್ದವನಿಗೆ, ಉದ್ಧಾರದ ಭಾರವನ್ನೆಲ್ಲ ಹೊತ್ತಿರುವುದು ನಾಯಿಯೇ ಎಂದು ತಿಳಿಯುವ ಗಳಿಗೆ ಇದು. ಅಕರ್ಲಿ ಇದನ್ನು ನಗುತ್ತಲೇ ಹೇಳುತ್ತಾನೆ. ಆದರೆ ಅವನ ಮುಖ ಕೆಂಪಾಗಿರುವುದು ಓದುಗನಿಗೆ ಕಾಣುತ್ತದೆ.

ಪುಸ್ತಕದ ಉಳಿದ ಭಾಗ ಎಲ್ಲರಿಗೂ ಹಿಡಿಸುವಂಥದಲ್ಲ. ನಾಯಿಯ ಮಲಮೂತ್ರಗಳಿಗೆ ಒಂದು ಅಧ್ಯಾಯ, ಅವಳ ಬೆದೆಗೆ ಹಲವು ಪುಟ. ಕುಲೀನ ಗಂಡುನಾಯಿಗಳನ್ನು ಹುಡುಕಿ ಹುಡುಕಿ ಸೋತು, ಕೊನೆಗೆ ಅವಳು ನೆರೆಹೊರೆಯ ಬೆರಕೆ ನಾಯಿಯನ್ನು ಕೂಡುವ ಪ್ರಸಂಗ ಯಾವ ವಧೂವರಾನ್ವೇಷಣೆಯ ಪ್ರಹಸನಕ್ಕೂ ಕಡಮೆಯಿಲ್ಲ. ಮಡಿವಂತ ಓದುಗರು ಮೂಗು ಮುರಿಯಬಹುದು. ನನಗೆ ಮಾತ್ರ ಇದರಲ್ಲಿ ಒಂದು ಮರ್ಯಾದೆ ಕಾಣುತ್ತದೆ: ನಾಯಿಯನ್ನು ನಾಯಿಯಾಗಿಯೇ ನೋಡುವ ಮರ್ಯಾದೆ.

ಆದರೂ ದೊಡ್ಡ ಕೃತಿ ಎರಡನೆಯದು. ಇಲ್ಲಿ ಅದೇ ನಾಯಿ ಈವಿ ಎಂಬ ಹೆಸರಿನಲ್ಲಿ ಬಂದಿದ್ದಾಳೆ. ಫ್ರಾಂಕ್ ನಡುವಯಸ್ಸಿನ ಸರಕಾರಿ ನೌಕರ. ಅವನಿಗೆ ಜಾನಿ ಎಂಬ ತರುಣನ ಮೇಲೆ ಒಲವು. ಗಂಡಸರಿಬ್ಬರ ಒಲವು ಇಂಗ್ಲೆಂಡಿನಲ್ಲಿ 1967ರವರೆಗೂ ಅಪರಾಧವಾಗಿತ್ತೆಂಬುದನ್ನು ನೆನಪಿಟ್ಟು ಓದಬೇಕು. ಜಾನಿ ಕಳ್ಳತನಕ್ಕಾಗಿ ಜೈಲಿಗೆ ಹೋಗುತ್ತಾನೆ. ಅವನ ನಾಯಿ ಈವಿ ಅವನ ತಾಯಿ ಮಿಲಿ, ಮಲತಂದೆ ಟಾಮ್ ಇವರ ಇಕ್ಕಟ್ಟಾದ ಮನೆಯಲ್ಲಿ ಉಳಿಯುತ್ತದೆ. ಅವರ ಮನೆಗೆ ಹೋಗಿಬರುವ ಫ್ರಾಂಕನಿಗೆ ಆ ನಾಯಿ ಓಡಲು ಜಾಗವಿಲ್ಲದೆ ಕೊಳೆಯುತ್ತಿರುವುದು ಕಾಣುತ್ತದೆ. ಅವಳನ್ನು ತನ್ನ ವಶಕ್ಕೆ ತೆಗೆದುಕೊಳ್ಳಲು ಹೆಣಗುತ್ತಾನೆ. ಅವರು ಕೊಡರು. ‘ನಿಮ್ಮನ್ನು ಕಂಡರೆ ನಮಗೆ ಪಂಚಪ್ರಾಣ’ ಎಂದು ಕನ್ನಡದಲ್ಲಿ ಹೇಳಬಹುದಾದ ಕಾದಂಬರಿಯ ಶೀರ್ಷಿಕೆ ಆ ಮನೆಯವರ ಬಾಯಿಮಾತು. ಪಂಚಪ್ರಾಣವೆನ್ನುತ್ತಲೇ ನಾಯಿಯನ್ನು ಹಿತ್ತಿಲಿನಲ್ಲಿ ಕೂಡಿಹಾಕುತ್ತಾರೆ.

ಇಷ್ಟೇ ಆಗಿದ್ದರೆ ಇದೊಂದು ಪ್ರಾಣಿದಯೆಯ ಕಥೆಯಾಗುತ್ತಿತ್ತು. ಅಕರ್ಲಿಯ ಜಾಣತನವೆಂದರೆ ಕಥೆಯನ್ನೆಲ್ಲ ಫ್ರಾಂಕನ ಬಾಯಿಂದಲೇ ಹೇಳಿಸಿ, ಅವನ ಮಾತನ್ನು ನಾವು ಪೂರ್ತಿ ನಂಬದ ಹಾಗೆ ಮಾಡಿರುವುದು. ನಾಯಿಯ ಮೇಲಿನ ಕನಿಕರ ಯಾವುದು, ಕೈಗೆ ಸಿಕ್ಕದ ಜಾನಿಯ ಮೇಲಿನ ಹಟ ಯಾವುದು, ಬಡವರ ಮನೆಯ ಮೇಲೆ ಮೇಲುವರ್ಗದವನಿಗಿರುವ ತಿರಸ್ಕಾರ ಯಾವುದು ಎಂದು ಅವನಿಗೇ ಬಿಡಿಸಲಾಗದು. ಮಿಲಿಗೂ ಟಾಮನಿಗೂ ಆ ನಾಯಿ ಜೈಲಿನಲ್ಲಿರುವ ಮಗನ ಗುರುತು. ಬಿಟ್ಟುಕೊಟ್ಟರೆ ಮಗನನ್ನೇ ಬಿಟ್ಟುಕೊಟ್ಟಂತೆ. ಅವರು ಮಾಡುವುದು ತಪ್ಪೇ. ಆದರೆ ಅವರು ರಾಕ್ಷಸರಲ್ಲ. ಕಡೆಗೆ ಈವಿ ಫ್ರಾಂಕನ ಪಾಲಾಗುತ್ತಾಳೆ. ಅನಂತರ ನಡೆಯುವುದೇನು? ಅವಳ ಅಸೂಯೆಯ ಮುಂದೆ ಅವನ ಸ್ನೇಹಿತರು ದೂರವಾಗುತ್ತಾರೆ, ಜಾನಿಯೂ ಅಪರೂಪವಾಗುತ್ತಾನೆ. ಬಿಡುಗಡೆ ಮಾಡಹೊರಟವನು ತಾನೇ ಬಂದಿಯಾಗಿ ಕುಳಿತುಕೊಳ್ಳುತ್ತಾನೆ, ದೂರುತ್ತಾ, ಸುಖಿಯಾಗಿ.

ಇದರ ಪಕ್ಕದಲ್ಲಿ ನಮ್ಮ ಕನ್ನಡದ ‘777 ಚಾರ್ಲಿ’ಯನ್ನು ಇಟ್ಟು ನೋಡಬೇಕೆನ್ನಿಸುತ್ತದೆ. ಕಿರಣ್‌ರಾಜ್ ಅವರು ನಿರ್ದೇಶಿಸಿ, ರಕ್ಷಿತ್ ಶೆಟ್ಟಿಯವರು ನಟಿಸಿ, 2022ರ ಜೂನ್‌ನಲ್ಲಿ ತೆರೆಕಂಡ ಈ ಚಿತ್ರ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಬೀದಿನಾಯಿಯ ಹೆಸರೆತ್ತಿದರೆ ಕಲ್ಲೆತ್ತುವ ಊರುಗಳಲ್ಲಿ ಜನ ಕರವಸ್ತ್ರ ಒದ್ದೆಮಾಡಿಕೊಂಡು ಚಿತ್ರಮಂದಿರದಿಂದ ಹೊರಬಂದುದು ಸಣ್ಣ ಮಾತಲ್ಲ. ಯಾರೊಂದಿಗೂ ಸೇರದ, ಸಿಡುಕಿನ ಧರ್ಮನ ಬದುಕಿನೊಳಕ್ಕೆ ಚಾರ್ಲಿ ನುಗ್ಗುವ ಮೊದಲ ಭಾಗ ಬಹಳ ಚೆನ್ನಾಗಿದೆ. ಅವನಿಗೆ ನಾಯಿ ಬೇಕಿಲ್ಲ. ನಾಯಿಗೆ ಅವನು ಬೇಕು. ಆರಿಸಿಕೊಂಡದ್ದು ನಾಯಿಯೇ.

ಆದರೆ ಚಾರ್ಲಿ ಎಲ್ಲಿಂದ ಬಂದಳೆಂಬಲ್ಲಿ ಚಿತ್ರ ಸುಲಭದ ದಾರಿ ಹಿಡಿಯುತ್ತದೆ. ಅವಳು ತಪ್ಪಿಸಿಕೊಂಡು ಬಂದದ್ದು ಹಣಕ್ಕಾಗಿ ನಾಯಿಗಳನ್ನು ಹೆರಿಸುವ ಒಬ್ಬ ಕ್ರೂರಿಯ ಮನೆಯಿಂದ. ಅವಳ ಹಿಂದಿನ ಬಾಳೆಲ್ಲ ಕತ್ತಲೆ, ಧರ್ಮನ ಮನೆಯೆಲ್ಲ ಬೆಳಕು. ಅಂಥ ಕ್ರೂರಿಗಳು ಇಲ್ಲವೆಂದಲ್ಲ; ನಾಯಿಮರಿಗಳ ವ್ಯಾಪಾರದ ಆ ಮುಖವನ್ನು ತೆರೆದು ತೋರಿಸಿದ್ದು ಚಿತ್ರದ ಒಳ್ಳೆಯ ಕೆಲಸವೇ. ಆದರೆ ಇದರಿಂದ ಧರ್ಮನಿಗೆ ಪ್ರತಿಸ್ಪರ್ಧಿಯೇ ಇಲ್ಲದಂತಾಯಿತು. ಚಾರ್ಲಿ ಎಂದೂ ಗೇಟಿನ ಕಡೆ ತಿರುಗಿ ನೋಡಬೇಕಾಗಿಲ್ಲ. ಮುಂದೆ ರೋಗ, ಹಿಮದ ನಾಡಿಗೆ ಯಾತ್ರೆ, ಮರಣ. ನಾಯಿ ಬರಬರುತ್ತಾ ಧರ್ಮನ ಮನಸ್ಸನ್ನು ಕರಗಿಸಲು ಬಂದ ದೇವದೂತಳಾಗುತ್ತಾಳೆ. ನಾಯಿಯ ಕಥೆ ಮನುಷ್ಯನ ಉದ್ಧಾರದ ಕಥೆಯಾಗಿ ಮುಗಿಯುತ್ತದೆ.

ನಾಯಕನಿಗೆ ಧರ್ಮನೆಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಬೆನ್ನುಹತ್ತಿದ ನಾಯಿಯ ನೆರಳು ಅದರ ಮೇಲಿದೆ. ಕುಮಾರವ್ಯಾಸನು ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಗಮಕದಲ್ಲಿ ನಮಗೆ ಅವನ ಬಾಯಿಂದ ಆ ಪ್ರಸಂಗ ಕೇಳುವ ಭಾಗ್ಯವಿಲ್ಲ. ಆದರೂ ಕಥೆ ತಿಳಿಯದವರಿಲ್ಲ. ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವೂ ಬೇಡವೆಂದ ಮಾತಿಗೆ ಸಮನಾದ ಮಾತು ಪ್ರಾಣಿಗಳ ಬಗ್ಗೆ ಇನ್ನಾವ ಮಹಾಕಾವ್ಯದಲ್ಲಿದೆಯೋ ನಾನರಿಯೆ. ಆದರೆ ಒಂದು ಗಳಿಗೆಯಲ್ಲಿ ಆ ನಾಯಿ ಮಾಯವಾಗಿ ಯಮಧರ್ಮ ನಿಲ್ಲುತ್ತಾನೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನಗೆ ನಿರಾಶೆಯಾಗಿತ್ತು. ಎಲ್ಲರೂ ಕೈಮುಗಿಯುತ್ತಿದ್ದರು, ನನಗೆ ಮಾತ್ರ ನಾಯಿ ಎಲ್ಲಿ ಹೋಯಿತೆಂಬ ಚಿಂತೆ.

ಅಕರ್ಲಿಯ ದೋಷಗಳು ನನಗೆ ಕಾಣದೆ ಇಲ್ಲ. ಹೆಂಗಸರ ಬಗ್ಗೆ ಅವನ ಕಾದಂಬರಿಯ ಮಾತು ಒರಟು. ಫ್ರಾಂಕನ ಗೊಣಗಾಟ ಕೆಲವೆಡೆ ಬೇಸರ ತರಿಸುತ್ತದೆ. ನಾಯಿಯ ಮೇಲೆ ಇಷ್ಟು ಬರೆಯುವವನಿಗೆ ಮನುಷ್ಯರ ಮೇಲೆ ಇನ್ನಷ್ಟು ಕರುಣೆ ಇರಬಾರದಿತ್ತೆ ಎನ್ನಿಸುತ್ತದೆ. ಅಲ್ಲದೆ, ಕಣ್ಣೀರು ತರಿಸುವ ಶಕ್ತಿಯಲ್ಲಿ ಅವನು ‘ಚಾರ್ಲಿ’ಯ ಹತ್ತಿರಕ್ಕೂ ಬರಲಾರ. ಚಿತ್ರ ನೋಡಿ ಎಷ್ಟೋ ಮಂದಿಗೆ ನಾಯಿಯನ್ನು ತರಬೇಕೆನ್ನಿಸಿರಬಹುದು. ಈ ಕಾದಂಬರಿ ಓದಿ ಯಾರಿಗೂ ಹಾಗೆನ್ನಿಸುವುದು ಸಂಶಯ. ತಂದ ಮೇಲೆ ಆರನೆಯ ತಿಂಗಳಿನಲ್ಲಿ, ನಾಯಿ ಇನ್ನೂ ಯಾರಿಗಾಗಿಯೋ ಕಾಯುತ್ತಿರುವುದನ್ನು ಕಂಡು ಮನಸ್ಸು ಸ್ವಲ್ಪ ಹುಳಿಯಾದಾಗ ತೆಗೆದು ಓದಬೇಕಾದ ಪುಸ್ತಕ ಅದು.

ಮೊನ್ನೆ ಸಂಜೆ ಆ ಮನೆಯಾಕೆಗೆ ಎರಡು ಪುಸ್ತಕಗಳನ್ನೂ ಕೊಟ್ಟುಬಂದೆ. ‘ಟ್ಯೂಲಿಪ್’ ಅನ್ನು ತಿರುವಿಹಾಕಿ, ಮಲಮೂತ್ರದ ಅಧ್ಯಾಯ ಕಂಡು ನಕ್ಕು, ಪಕ್ಕಕ್ಕಿಟ್ಟರು. ಇನ್ನೊಂದರ ಮೊದಲ ಪುಟ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಸ್ಕೂಟರಿನ ಸದ್ದು ಕೇಳಿಸಿತು. ನಾಯಿ ಓಡಿತು. ಆಕೆ ಪುಸ್ತಕ ಮುಚ್ಚಿ ಎದ್ದುಹೋಗಿ, ಅದು ಹಿಂದಿರುಗುವ ತನಕ ಗೇಟಿನ ಬಳಿ ಅದರ ಪಕ್ಕದಲ್ಲಿಯೇ ನಿಂತಿದ್ದರು.