ಒಂದು ಬಾರ್ ಬೂಸ್ಟ್, ಆದರೆ ಯಾವುದರ ಮೇಲೆ?

ಟರ್ಬೊ ಇರುವ ಜಪಾನಿ ಕಾರು ಕೊಂಡವರಿಗೆ ನೈರೋಬಿಯಲ್ಲಿ ಸಲಹೆಗೆ ಬರ ಇಲ್ಲ. ಕಾರು ನಿಮ್ಮ ಹೆಸರಿಗೆ ಆಗುವ ಮೊದಲೇ ಯಾರೋ ಒಬ್ಬರು ಹೇಳಿರ್ತಾರೆ: "ಮೊದಲು ಸ್ಟೇಜ್ ಒನ್ ಮಾಡಿಸಿಬಿಡಿ. ಆಮೇಲೆ ಎಕ್ಸಾಸ್ಟ್ ಬದಲಾಯಿಸಿ ಸ್ಟೇಜ್ ಟೂ. ಬೂಸ್ಟ್ ಒಂದು ಬಾರ್ ಇಡಿ, ಏನೂ ಆಗಲ್ಲ." ಕರೆನ್‌ನ ಮರಗಳ ನಡುವಿನ ರಸ್ತೆಗಳಲ್ಲಿ ಶನಿವಾರ ಸಂಜೆ ಕೇಳಿಸುವ ಗುಡುಗುಡು ಸದ್ದಿನ ಹಿಂದೆ ಇರೋದು ಬಹುಮಟ್ಟಿಗೆ ಇವೇ ಮಾತುಗಳು. ಇಲ್ಲಿ ನಾನು ವಿಮರ್ಶೆ ಮಾಡ್ತಿರೋದು ಕಾರನ್ನಲ್ಲ, ಈ ಸಲಹೆಯನ್ನ. ಸಂಚಿಕೆಯಲ್ಲಿ ಬಾಯಲ್ಲೇ ಲೆಕ್ಕ ಒಪ್ಪಿಸಿದರೆ ಕೇಳುವವರು ನಿದ್ದೆ ಹೋಗ್ತಾರೆ, ಹಾಗಾಗಿ ಅದನ್ನ ಇಲ್ಲಿ ಬರೀತಿದ್ದೀನಿ.

ಈ ಊರಿಗೆ ಇಂಥ ಕಾರುಗಳ ಹುಚ್ಚು ಹಿಡಿದದ್ದು ಸುಮ್ಮನೆ ಅಲ್ಲ. ಕೀನ್ಯಾದಲ್ಲಿ ಸ್ಟಿಯರಿಂಗ್ ಬಲಗಡೆ, ಜಪಾನಿನಲ್ಲೂ ಬಲಗಡೆ. ಎಂಟು ವರ್ಷಕ್ಕಿಂತ ಹಳೆಯದಲ್ಲದ ಸೆಕೆಂಡ್‌ಹ್ಯಾಂಡ್ ಕಾರನ್ನ ಆಮದು ಮಾಡಿಕೊಳ್ಳಬಹುದು. ಇದರ ಮೇಲೆ 1953ರಲ್ಲಿ ಶುರುವಾದ ಸಫಾರಿ ರ‍್ಯಾಲಿ ಬೇರೆ. ಇಲ್ಲಿಯ ಜೋಗಿಂದರ್ ಸಿಂಗ್ 1974 ಮತ್ತು 1976ರಲ್ಲಿ ಮಿತ್ಸುಬಿಷಿ ಲ್ಯಾನ್ಸರ್‌ನಲ್ಲಿ ಗೆದ್ದರು. ಶೇಖರ್ ಮೆಹ್ತಾ ಡಾಟ್ಸನ್‌ನಲ್ಲಿ ಒಟ್ಟು ಐದು ಸಲ ಗೆದ್ದರು. ಅವು ಟರ್ಬೊ ಇಲ್ಲದ ಕಾರುಗಳು. 1984ರಲ್ಲಿ ಟೊಯೋಟಾ ಸೆಲಿಕಾ ಟರ್ಬೊ ಗೆದ್ದ ಮೇಲೆ ಕಥೆ ಬದಲಾಯಿತು. 1997ರಲ್ಲಿ ಕಾಲಿನ್ ಮೆಕ್‌ರೇ, 2000ದಲ್ಲಿ ರಿಚರ್ಡ್ ಬರ್ನ್ಸ್ ಸುಬಾರು ಇಂಪ್ರೆಜಾದಲ್ಲಿ ಗೆದ್ದರು. ನೀಲಿ ಬಣ್ಣದ ಸುಬಾರುಗೆ ಇಲ್ಲಿರುವ ಮರ್ಯಾದೆಯ ಬೇರು ಅಲ್ಲಿದೆ. ಹುಚ್ಚಿನ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಚಿಕ್ಕಮಗಳೂರಿನ ಕಾಫಿತೋಟಗಳ ನಡುವೆ ರ‍್ಯಾಲಿ ನೋಡಿದವರಿಗೆ ಅದು ಅರ್ಥವಾಗುತ್ತೆ.

ತಕರಾರು ಇರೋದು ಆ "ಒಂದು ಬಾರ್" ಅನ್ನೋ ಮಾತಿನಲ್ಲಿ. ಯಾವುದರ ಮೇಲೆ ಒಂದು ಬಾರ್?

ನಿಮ್ಮ ಅಡುಗೆಮನೆಯಿಂದಲೇ ಶುರುಮಾಡೋಣ. ಕರೆನ್ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಮೇಲಿದೆ. ತೆರೆದ ಪಾತ್ರೆಯಲ್ಲಿ ನೀರು 94 ಡಿಗ್ರಿಯ ಹತ್ತಿರವೇ ಕುದಿಯುತ್ತೆ. ಮಂಗಳೂರಲ್ಲಿ ಕುಕ್ಕರ್ ಮೂರು ಕೂಗು ಕೂಗಿದರೆ ಬೇಯುತ್ತಿದ್ದ ತೊಗರಿಬೇಳೆ ಇಲ್ಲಿ ಇನ್ನೊಂದೆರಡು ಕೂಗು ಕೇಳುತ್ತೆ. ಕುಕ್ಕರಿನ ವೆಯಿಟ್ ಅದೇ, ಬೇಳೆ ಅದೇ, ಹಾಗಾದ್ರೆ ಏನು ಬದಲಾಯ್ತು? ವೆಯಿಟ್ ತೂಗೋದು ಒಳಗಿನ ಒತ್ತಡವನ್ನಲ್ಲ, ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಅನ್ನೋದನ್ನ. ಹೊರಗಿನ ಗಾಳಿಯೇ ತೆಳುವಾದರೆ ಒಳಗಿನ ಒಟ್ಟು ಒತ್ತಡವೂ ಇಳಿಯುತ್ತೆ.

ಟರ್ಬೊದ ವೇಸ್ಟ್‌ಗೇಟ್ ಸ್ಪ್ರಿಂಗ್ ಮಾಡೋದು ಆ ವೆಯಿಟ್ಟಿನ ಕೆಲಸವನ್ನೇ. ಒತ್ತಡ ಒಂದು ಮಿತಿ ಮುಟ್ಟಿದಾಗ ಬಾಗಿಲು ತೆರೆದು ಬಿಸಿ ಹೊಗೆಯನ್ನ ಟರ್ಬೊದ ಪಕ್ಕದಿಂದ ಬಿಟ್ಟುಬಿಡುತ್ತೆ. ಡ್ಯಾಶ್‌ಬೋರ್ಡಿನ ಬೂಸ್ಟ್ ಮೀಟರ್ ಸಾಮಾನ್ಯವಾಗಿ ತೋರಿಸೋದೂ ಈ "ಹೊರಗಿನದಕ್ಕಿಂತ ಎಷ್ಟು ಹೆಚ್ಚು" ಅನ್ನೋ ಅಂಕಿಯನ್ನ. ಈಗ ಲೆಕ್ಕ ನೋಡಿ. ಮೊಂಬಾಸಾದಲ್ಲಿ, ಅಂದ್ರೆ ಸಮುದ್ರಮಟ್ಟದಲ್ಲಿ, ಗಾಳಿಯ ಒತ್ತಡ 101 ಕಿಲೊಪಾಸ್ಕಲ್. ಕರೆನ್‌ನಲ್ಲಿ ಸುಮಾರು 81. ಒಂದು ಬಾರ್ ಅಂದ್ರೆ 100. ಹಾಗಾಗಿ ಒಂದು ಬಾರ್ ಬೂಸ್ಟ್‌ನಲ್ಲಿ ಇಂಜಿನ್ ಬಾಯಿಗೆ ಮೊಂಬಾಸಾದಲ್ಲಿ ಸಿಗೋದು 201, ಇಲ್ಲಿ 181. ಮೀಟರ್ ಮಾತ್ರ ಎರಡೂ ಕಡೆ ಒಂದೇ ಅಂಕಿ ತೋರಿಸುತ್ತೆ.

"ಇಲ್ಲಿ ಗಾಡಿ ಸ್ವಲ್ಪ ಮಂದ, ಬೂಸ್ಟ್ ಏರಿಸಿ" ಅನ್ನೋ ಮುಂದಿನ ಸಲಹೆ ಹುಟ್ಟೋದು ಇಲ್ಲೇ. ಸುಬಾರುವಿನ ಇಸಿಯು, ಅಂದ್ರೆ ಇಂಜಿನ್ನಿನ ಕಂಪ್ಯೂಟರ್, ಹೊರಗಿನ ಒತ್ತಡ ಅಳೆದು ಎತ್ತರದಲ್ಲಿ ಬೂಸ್ಟ್ ಗುರಿಯನ್ನ ತಾನಾಗಿಯೇ ತಗ್ಗಿಸುತ್ತೆ. ಸಲಹೆಗಾರರು ಇದನ್ನ "ಕಂಪನಿಯವರ ಹೆದರಿಕೆ" ಅಂತಾರೆ. ಅದು ಟರ್ಬೊವನ್ನ ಉಳಿಸುವ ಲೆಕ್ಕ. ಮೊಂಬಾಸಾದಲ್ಲಿ 201 ಕೊಡೋಕೆ ಟರ್ಬೊ ಗಾಳಿಯನ್ನ ಎರಡು ಪಟ್ಟು ಒತ್ತಬೇಕು. ಕರೆನ್‌ನಲ್ಲಿ ಅದೇ 201 ಬೇಕಂದ್ರೆ ಸುಮಾರು ಎರಡೂವರೆ ಪಟ್ಟು ಒತ್ತಬೇಕು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುವ ಶಾಫ್ಟ್ ಇನ್ನೂ ಜೋರಾಗಿ ಸುತ್ತಬೇಕು, ಗಾಳಿ ಇನ್ನೂ ಕಾಯುತ್ತೆ. "ಎತ್ತರದಲ್ಲಿ ಸಾದಾ ಪೆಟ್ರೋಲ್ ಸಾಕು" ಅನ್ನೋದು ಟರ್ಬೊ ಇಲ್ಲದ ಕಾರಿಗೆ ಹೇಳಿದ ಮಾತು, ಅದನ್ನ ಇದಕ್ಕೆ ಅಂಟಿಸಬೇಡಿ. ಜಪಾನಿನ ಬಂಕಿನಲ್ಲಿ ಹೈ-ಆಕ್ಟೇನ್ ಅಂದ್ರೆ ಸಾಮಾನ್ಯವಾಗಿ 100. ಈ ಕಾರುಗಳ ಲೆಕ್ಕ ಬರೆದದ್ದು ಅದನ್ನ ನಂಬಿ. ಇಲ್ಲಿನ ಪಂಪಿನಲ್ಲಿ ನಿಮಗೆ ಸಿಗೋದು ಅದಕ್ಕಿಂತ ಕಡಿಮೆಯದು.

ಇಷ್ಟು ಮಾತ್ರ ಆಗಿದ್ರೆ ನಾನು ಇದನ್ನ ಬರೀತಿರಲಿಲ್ಲ. ನಿಜವಾದ ಅಪಾಯ ಶಾಲೆಗೆ ರಜ ಬಂದು ಮೊಂಬಾಸಾಗೆ ಹೊರಟಾಗ ಇದೆ.

ಇಸಿಯು ಒಳಗೆ ಒಂದು ದೊಡ್ಡ ಕೋಷ್ಟಕ ಇರುತ್ತೆ. ಒಂದು ಬದಿಗೆ ಇಂಜಿನ್ ವೇಗ, ಇನ್ನೊಂದು ಬದಿಗೆ ಎಷ್ಟು ಗಾಳಿ ಒಳಗೆ ಹೋಗ್ತಿದೆ ಅನ್ನೋದು. ಪ್ರತಿ ಮನೆಯಲ್ಲೂ ಕಿಡಿ ಯಾವಾಗ ಹೊತ್ತಬೇಕು ಅನ್ನೋ ಅಂಕಿ. ನೈರೋಬಿಯಲ್ಲಿ ಟ್ಯೂನ್ ಮಾಡುವವರು ಗಾಡಿ ಓಡಿಸಿ, ದಾಖಲೆ ನೋಡಿ, ಅಂಕಿಗಳನ್ನ ತಿದ್ದುತ್ತಾರೆ. ಆದರೆ ಇಲ್ಲಿ ಗಾಳಿ 181ಕ್ಕೇ ನಿಲ್ಲೋದರಿಂದ ಕೋಷ್ಟಕದ ಮೇಲಿನ ಸಾಲುಗಳಿಗೆ ಗಾಡಿ ಹೋಗುವುದೇ ಇಲ್ಲ. ಆ ಮನೆಗಳನ್ನ ಯಾರೂ ಪರೀಕ್ಷಿಸಿಲ್ಲ, ಅಂದಾಜಿನಲ್ಲಿ ತುಂಬಿದ್ದಾರೆ ಅಷ್ಟೆ. ನನ್ನ ಕಸುಬು ದತ್ತಾಂಶದ್ದು. ನೋಡಿರದ ವ್ಯಾಪ್ತಿಯಲ್ಲಿ ಮಾದರಿಯನ್ನ ನಂಬೋದು ಅಂದ್ರೇನು ಅಂತ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರಿಗೂ ಗೊತ್ತಿರುತ್ತೆ. ಕೈಯಿಂದ ತಿರುಗಿಸುವ ಬೂಸ್ಟ್ ಕಂಟ್ರೋಲರ್ ಹಾಕಿಸಿದ ಗಾಡಿ ಕರಾವಳಿಗೆ ಇಳಿದಾಗ ಆಗೋದು ಅದೇ. ಸ್ಪ್ರಿಂಗ್ ಅದೇ ಒಂದು ಬಾರ್ ಹಿಡಿಯುತ್ತೆ, ಒಳಗೆ ಹೋಗುವ ಗಾಳಿ ಶೇ. 11ರಷ್ಟು ಹೆಚ್ಚಾಗುತ್ತೆ, ಹೊರಗಿನ ಸೆಕೆಯೂ ಸೇರುತ್ತೆ. ಬೆಂಗಳೂರಿಂದ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋದರೂ ಇದೇ ತತ್ವ, ಆದರೆ ಅಲ್ಲಿ ಇಳಿಯೋದು 900 ಮೀಟರ್, ಇಲ್ಲಿ ಅದರ ಎರಡು ಪಟ್ಟು.

ಜ್ವಾಲೆ ತಲುಪುವ ಮೊದಲೇ ಸಿಲಿಂಡರಿನ ಮೂಲೆಯ ಪೆಟ್ರೋಲ್-ಗಾಳಿ ತಾನೇ ಸಿಡಿಯೋದನ್ನ ನಾಕ್ ಅಂತಾರೆ. ಸುಬಾರುವಿನ 2.5 ಲೀಟರ್ ಟರ್ಬೊ ಇಂಜಿನ್‌ಗಳಲ್ಲಿ ಪಿಸ್ಟನ್ ರಿಂಗುಗಳ ನಡುವಿನ ತೆಳು ಅಂಚು ಇದರಿಂದ ಸೀಳೋದು ಎಲ್ಲರಿಗೂ ಗೊತ್ತಿರುವ ರೋಗ. ಮತ್ತು ಪೂರ್ತಿ ಬೂಸ್ಟ್ ಬೇಕಾಗೋದು ಯಾವಾಗ? ಮೊಂಬಾಸಾ ರಸ್ತೆಯಲ್ಲಿ, ಎದುರಿಗೆ ಲಾರಿ ಬರ್ತಿರುವಾಗ ಇನ್ನೊಂದು ಲಾರಿಯನ್ನ ದಾಟುವಾಗ. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು. "ಏನೂ ಆಗಲ್ಲ" ಅಂದವರು ಆ ಗಾಡಿಯಲ್ಲಿ ಇರಲ್ಲ.

ಅಂಕಿಗಳ ವಿಷಯ ಬಂತಲ್ಲ, ಡೈನೊ ಚೀಟಿಯ ಬಗ್ಗೆಯೂ ಒಂದು ಮಾತು. ಡೈನೊ ಯಂತ್ರಗಳು ಅಳೆದ ಶಕ್ತಿಯನ್ನ ಸಮುದ್ರಮಟ್ಟದ ಹವೆಗೆ "ಸರಿಪಡಿಸಿ" ತೋರಿಸಬಲ್ಲವು. ನೈರೋಬಿಯ ಎತ್ತರಕ್ಕೆ ಆ ಸೂತ್ರ ಹಾಕಿದರೆ ಗುಣಕ ಸುಮಾರು 1.25 ಬರುತ್ತೆ. ಅಳೆದದ್ದು 240 ಇದ್ದರೆ ಚೀಟಿಯಲ್ಲಿ 300. ಟರ್ಬೊ ಇಲ್ಲದ ಇಂಜಿನ್‌ಗೆ ಇದು ನ್ಯಾಯ. ಕಳೆದುಕೊಂಡ ಗಾಳಿಯನ್ನ ಟರ್ಬೊ ಆಗಲೇ ಬಹುಪಾಲು ತುಂಬಿಕೊಟ್ಟಿದ್ದರೆ ಇದು ಒಂದೇ ಸಾಲವನ್ನ ಎರಡು ಸಲ ವಸೂಲಿ ಮಾಡಿದ ಹಾಗೆ. ಹಾಗಾಗಿ ಚೀಟಿ ನೋಡುವಾಗ "ಸರಿಪಡಿಸದ ಅಂಕಿ ಎಷ್ಟು?" ಅಂತ ಕೇಳಿ. ಜಪಾನಿಗಳೇನೂ ಸಾಚಾ ಅಲ್ಲ ಬಿಡಿ. 1989ರಿಂದ 2004ರವರೆಗೆ ಅಲ್ಲಿನ ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಯಾವ ಕಾರೂ 280 ಕುದುರೆಶಕ್ತಿ ಮೀರಲ್ಲ ಅಂತ ಬರೀತಿದ್ದವು, ಮೀರಿದ್ದರೂ.

ಸದ್ದಿನ ವ್ಯಾಪಾರ ಇನ್ನೂ ವಿಚಿತ್ರ. ಸುಬಾರುವಿನ ಆ ಪ್ರಸಿದ್ಧ ಗುಡುಗುಡು ಬರೋದು ಎಕ್ಸಾಸ್ಟ್ ಕೊಳವೆಗಳ ಉದ್ದ ಸಮ ಇಲ್ಲದಿರುವಾಗ. 2000ದ ದಶಕದಲ್ಲಿ ಜಪಾನಿ ಮಾರುಕಟ್ಟೆಯ ಎಸ್‌ಟಿಐಗೆ, ಲೆಗಸಿಗೆ ಕಂಪನಿಯವರು ಉದ್ದ ಸಮಮಾಡಿ ಟ್ವಿನ್-ಸ್ಕ್ರೋಲ್ ಟರ್ಬೊ ಕೊಟ್ಟರು. ಟರ್ಬೊ ಬೇಗ ಎಚ್ಚರವಾಗುವಂತಾಯ್ತು, ಸದ್ದು ಹೋಯ್ತು. ಈಗ ಜನ ದುಡ್ಡು ಕೊಟ್ಟು ಅದನ್ನ ಬಿಚ್ಚಿಸಿ ಹಳೆಯ ಮಾದರಿಯ ಕೊಳವೆ ಹಾಕಿಸ್ತಾರೆ. ಗಾಳಿಯನ್ನ ಹೊರಗೇ "ಪುಸ್" ಅಂತ ಬಿಡುವ ಬ್ಲೋ-ಆಫ್ ವಾಲ್ವ್‌ನದ್ದೂ ಅದೇ ಕಥೆ. ಇಸಿಯು ಆ ಗಾಳಿಯನ್ನ ಆಗಲೇ ಲೆಕ್ಕ ಹಿಡಿದಿರುತ್ತೆ, ಗಾಳಿ ಹೊರಗೆ ಹೋದರೂ ಪೆಟ್ರೋಲ್ ಮಾತ್ರ ಸುರಿಯುತ್ತೆ. ಸದ್ದು ಇಷ್ಟ ಅಂತ ಮಾಡಿಸಿದ್ರೆ ಸರಿ, ರುಚಿ ಅವರವರದ್ದು. ಶಕ್ತಿಗಾಗಿ ಅಂತ ಮಾರಬಾರದು.

ಸಲಹೆಗಾರರಿಗೆ ಸಲ್ಲಬೇಕಾದ ಗೌರವವನ್ನೂ ಹೇಳ್ತೀನಿ. ಯಾವ ಇಂಜಿನ್ ಎಲ್ಲಿ ಕೈಕೊಡುತ್ತೆ ಅನ್ನೋ ಜ್ಞಾನ ಕಂಪನಿಯ ಪುಸ್ತಕಕ್ಕಿಂತ ಇವರ ಹತ್ತಿರ ಹೆಚ್ಚಿದೆ. ಟರ್ಬೊಗೆ ಆಯಿಲ್ ಒಯ್ಯುವ ಬೋಲ್ಟಿನೊಳಗೆ ಒಂದು ಪುಟ್ಟ ಜಾಲರಿ ಇರುತ್ತೆ, ಕೊಳೆ ಕಟ್ಟಿದರೆ ಟರ್ಬೊ ಒಣಗಿ ಸಾಯುತ್ತೆ. ಆಯಿಲ್ ಎಳೆಯುವ ಕೊಳವೆ ಬಿರುಕು ಬಿಡುತ್ತೆ. ಟೈಮಿಂಗ್ ಬೆಲ್ಟ್ ಆಯುಸ್ಸು 1,00,000 ಕಿಲೊಮೀಟರ್, ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಆಮದಾದ ಗಾಡಿಯ ಓಡೋಮೀಟರ್ ನಂಬೋಕಾಗಲ್ಲ, ಬೆಲ್ಟ್ ಬದಲಾಯಿಸಿದ ದಾಖಲೆ ಇಲ್ಲದಿದ್ರೆ ಇವತ್ತೇ ಬದಲಾಯಿಸಿ, ಜೊತೆಗೆ ವಾಟರ್ ಪಂಪ್ ಕೂಡ. ಜಪಾನಿನ ಹರಾಜಿನ ಶೀಟ್ ತರಿಸಿ ನೋಡಿ, ಅದರಲ್ಲಿ "ಆರ್" ದರ್ಜೆ ಇದ್ದರೆ ಗಾಡಿ ರಿಪೇರಿ ಆಗಿದೆ ಅಂತ ಅರ್ಥ. 2012ರ ನಂತರದ ಫಾರೆಸ್ಟರ್ ಎಕ್ಸ್‌ಟಿಯಲ್ಲಿ ಬೆಲ್ಟ್ ಇಲ್ಲ, ಚೈನ್ ಇದೆ. ಆದರೆ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮೋದರಿಂದ ಒಳವಾಲ್ವುಗಳ ಮೇಲೆ ಮಸಿ ಕೂರುತ್ತೆ, ಅದನ್ನ ಅಕ್ರೋಟಿನ ಚಿಪ್ಪಿನ ಪುಡಿ ಊದಿ ತೆಗೀತಾರೆ. ಇದನ್ನೆಲ್ಲ ಬಿಸಿಲಲ್ಲಿ ನಿಂತು ದುಡಿಯುವ ಇಲ್ಲಿನ ಫುಂಡಿಗಳು, ಅಂದ್ರೆ ಮೆಕ್ಯಾನಿಕ್‌ಗಳು, ಚೆನ್ನಾಗಿ ಬಲ್ಲರು. ಬೇಸರದ ಸಂಗತಿ ಏನಂದ್ರೆ ಈ ಜ್ಞಾನಕ್ಕೆ "ಸ್ಟೇಜ್" ಅಂತ ಹೆಸರಿಲ್ಲ, ಹಾಗಾಗಿ ಯಾರೂ ಅದರ ಬಗ್ಗೆ ಕೊಚ್ಚಿಕೊಳ್ಳಲ್ಲ. ನಿಜವಾದ ಸ್ಟೇಜ್ ಒನ್ ಇದೇ ಆಗಬೇಕಿತ್ತು: ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯೋದು, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡೋದು, 5,000 ಕಿಲೊಮೀಟರಿಗೆ ಆಯಿಲ್ ಬದಲಾಯಿಸೋದು.

ಕರೆನ್‌ನ ಒಳದಾರಿಗಳ ಕೆಮ್ಮಣ್ಣಿನ ಧೂಳಿಗೆ ಕಾಗದದ ಏರ್ ಫಿಲ್ಟರೇ ಒಳ್ಳೆಯದು. ಎಣ್ಣೆ ಸವರಿದ ಬಟ್ಟೆಯ ಫಿಲ್ಟರಿನಿಂದ ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಬಹುದು. ಟರ್ಬೊ ಟೈಮರ್‌ಗೆ ದುಡ್ಡು ಹಾಕಬೇಡಿ. ಗೇಟಿನವರೆಗಿನ ಕೊನೆಯ ಒಂದು ಕಿಲೊಮೀಟರ್ ಹಂಪುಗಳ ಮೇಲೆ ನಿಧಾನ ಬಂದು, ಅಸ್ಕರಿ ಗೇಟ್ ತೆಗೆಯುವವರೆಗೆ ಕಾಯುವಷ್ಟರಲ್ಲಿ ಟರ್ಬೊ ತಣ್ಣಗಾಗಿರುತ್ತೆ.

ಮೊಂಬಾಸಾಗೆ ಹೊರಡೋದಿದ್ರೆ ಟ್ಯೂನ್ ಮಾಡಿದವರಿಗೆ ಎರಡು ಪ್ರಶ್ನೆ ಕೇಳಿ. ಬೂಸ್ಟ್ ಗುರಿ ಹೊರಗಿನ ಒತ್ತಡದ ಪ್ರಕಾರ ಬದಲಾಗುತ್ತಾ? ಕೋಷ್ಟಕದ ಮೇಲಿನ ಸಾಲುಗಳಲ್ಲಿ ಕಿಡಿಯನ್ನ ತಡಮಾಡಿ ಇಟ್ಟಿದ್ದೀರಾ? ಉತ್ತರ ತಡವರಿಸಿದರೆ ಕೈ ಕಂಟ್ರೋಲರ್ ತೆಗೆಸಿ, ಮೂಲ ಕೋಷ್ಟಕ ಹಾಕಿಸಿಕೊಂಡು ಹೋಗಿ, ರಜೆ ಮುಗಿದ ಮೇಲೆ ವಾಪಸ್ ಹಾಕಿಸಬಹುದು. ಆಯಿಲ್ ಒಂದು ಲೀಟರ್ ಡಿಕ್ಕಿಯಲ್ಲಿರಲಿ. ಇಸಿಯು ದಾಖಲೆ ತೆಗೆಯುವ ಪುಟ್ಟ ಅಡಾಪ್ಟರ್ ಇದ್ದರೆ ವೋಯಿಯಲ್ಲಿ ಚಹಾಕ್ಕೆ ನಿಂತಾಗ ಫೋನಿನಲ್ಲಿ ನಾಕ್ ತಿದ್ದುಪಡಿಯ ಅಂಕಿ ನೋಡಿ. ಕರೆನ್‌ನಲ್ಲಿ ಸೊನ್ನೆ ಇದ್ದದ್ದು ಅಲ್ಲಿ ಮತ್ತೆಮತ್ತೆ ಮೈನಸ್ ತೋರಿಸ್ತಿದ್ರೆ, ಅಲ್ಲಿಂದ ಮರಿಯಾಕಾನಿವರೆಗೆ ಲಾರಿಗಳ ಹಿಂದೆಯೇ ನಿಧಾನವಾಗಿ ಹೋಗಿ.