ಝರಿಯಾ ಕಲ್ಲಿದ್ದಲು ಕ್ಷೇತ್ರದ ನಕ್ಷೆ: ಒಂದು ಪಾಠವಿಮರ್ಶೆ

ಭೂಶಾಸ್ತ್ರಜ್ಞರ ನಕ್ಷೆಯನ್ನು ಗ್ರಂಥವೆಂದೆಣಿಸಿ ವಿಮರ್ಶಿಸುವ ರೂಢಿಯು ನಮ್ಮಲ್ಲಿ ಬೆಳೆದಿಲ್ಲ. ನಕ್ಷೆಯೆಂದರೆ ನೆಲದ ಪ್ರತಿಬಿಂಬ, ಪ್ರತಿಬಿಂಬಕ್ಕೆ ಸ್ವಂತ ಅಭಿಪ್ರಾಯವಿಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣವೆಂದು ತೋರುತ್ತದೆ. ಈ ನಂಬಿಕೆಯು ಸಾಧುವೇ ಎಂಬುದನ್ನು, ಈಗಿನ ಝಾರ್ಖಂಡ ರಾಜ್ಯಕ್ಕೆ ಸೇರಿದ ದಾಮೋದರ ಕಣಿವೆಯ ಝರಿಯಾ ಕ್ಷೇತ್ರವನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪರವಾಗಿ ಹ್ಯೂಸ್ ಎಂಬವರು ಈ ಕ್ಷೇತ್ರವನ್ನು ಕುರಿತು ಬರೆದ ಗ್ರಂಥವು 1866ರಲ್ಲಿಯೂ, ಫಾಕ್ಸ್ ಎಂಬವರದು 1930ರಲ್ಲಿಯೂ ಪ್ರಕಟವಾದುವು. ಎರಡನೆಯದನ್ನು ಮೊದಲನೆಯದರ ಪರಿಷ್ಕೃತ ಪಾಠವೆನ್ನಲು ಅಡ್ಡಿಯಿಲ್ಲ.

ಇಂತಹ ಪಾಠಗಳ ಉದ್ದಿಷ್ಟ ವಾಚಕನು ಯಾರು? ಗಣಿಯ ಒಡೆಯನು. ಕಲ್ಲಿದ್ದಲು ಎಲ್ಲಿ ನೆಲಕ್ಕೆ ತಲೆದೋರುತ್ತದೆ, ಎಷ್ಟು ದಪ್ಪವಿದೆ, ಯಾವ ಕಡೆಗೆ ವಾಲಿದೆ ಎಂಬಿಷ್ಟೇ ಅವನಿಗೆ ಬೇಕಾದುದು. ಝರಿಯಾದಲ್ಲಿ ಬರಾಕರ ಶಿಲಾಸ್ತೋಮದ ಮುಖ್ಯ ಪದರಗಳನ್ನು ಕೆಳಗಿನಿಂದ ಮೇಲಕ್ಕೆ 1ರಿಂದ 18ರವರೆಗೆ ಎಣಿಸುವುದು ವಾಡಿಕೆ. ಉತ್ತರದ ಅಂಚಿನಲ್ಲಿ ಹೊರಗೆ ಕಾಣಿಸಿಕೊಂಡು ದಕ್ಷಿಣಕ್ಕೆ ಇಳಿಯುತ್ತ ಹೋಗುವ ಈ ಪದರಗಳ ಮೇಲೆ ಕಲ್ಲಿದ್ದಲಿಲ್ಲದ ಇನ್ನೊಂದು ಸ್ತೋಮವು ಕುಳಿತಿದೆ. ಅದಕ್ಕೆ ‘ಬಂಜರು ಸ್ತೋಮ’ವೆಂದೇ ಹೆಸರು ಬಿದ್ದಿತು. ಇದು ವರ್ಣನೆಯಲ್ಲ, ತೀರ್ಪು. ನೆರೆಯ ರಾಣಿಗಂಜ್ ಕ್ಷೇತ್ರದಲ್ಲಿ ಇದೇ ಮಟ್ಟದ ಶಿಲೆಗಳಿಗೆ ಕಬ್ಬಿಣಗಲ್ಲಿನ ಜೇಡುಶಿಲೆಯೆಂದು ಹೆಸರು. 1870ರ ದಶಕದಲ್ಲಿ ಕುಲ್ಟಿಯ ಕುಲುಮೆಗಳಿಗೆ ಅದಿರನ್ನು ಒದಗಿಸಿದುದು ಈ ‘ಬಂಜರೇ’ ಎಂಬುದನ್ನು ನೆನೆದರೆ ನಗೆ ಬಾರದಿರದು.

ಈಗ ವಾಚಕನು ಬದಲಾಗಿದ್ದಾನೆ. ಕಲ್ಲಿದ್ದಲನ್ನು ಅಗೆಯದೆ, ಅದರೊಳಗಿನ ಮಿಥೇನ್ ಅನಿಲವನ್ನು ಮಾತ್ರ ಕೊಳವೆಬಾವಿಯ ಮೂಲಕ ತೆಗೆಯಬೇಕೆನ್ನುವವನು ಅದೇ ನಕ್ಷೆಯನ್ನು ಕೈಗೆತ್ತಿಕೊಳ್ಳುತ್ತಾನೆ. ರಾಣಿಗಂಜಿನ ದಕ್ಷಿಣ ಭಾಗದಲ್ಲಿ 2007ರಿಂದ ಈ ಅನಿಲದ ಮಾರಾಟವೂ ನಡೆದಿದೆ. ಅನಿಲವು ಕಲ್ಲಿದ್ದಲಿನ ಟೊಳ್ಳುಗಳಲ್ಲಿ ತುಂಬಿನಿಂತಿರುವುದಲ್ಲ. ಅತಿಸೂಕ್ಷ್ಮ ರಂಧ್ರಗಳ ಒಳಮೈಗೆ ನೀರಿನ ಒತ್ತಡದಿಂದ ಅಂಟಿಕೊಂಡಿರತಕ್ಕದ್ದು. ನೀರನ್ನು ಎತ್ತಿ ಒತ್ತಡವನ್ನು ತಗ್ಗಿಸಿದಾಗ ಅದು ಮೈಬಿಟ್ಟು ಸೀಳುಗಳಲ್ಲಿ ಹರಿಯತೊಡಗುತ್ತದೆ. ಹೀಗಿರುವಲ್ಲಿ, ಪದರವು ನೆಲಕ್ಕೆ ತಲೆದೋರಿದ ಕಡೆ, ಎಂದರೆ ಹಳೆಯ ನಕ್ಷೆಯು ಅತ್ಯಂತ ವಿಶದವಾಗಿ ಮಾತನಾಡುವ ಕಡೆ, ಅನಿಲವು ಬಹುಮಟ್ಟಿಗೆ ಎಂದೋ ಹಾರಿಹೋಗಿದೆ. ನಕ್ಷೆಯು ಮೌನವಾಗಿರುವ ‘ಬಂಜರಿನ’ ಅಡಿಯಲ್ಲಿಯೇ ಅದು ಉಳಿದಿರುವ ಸಂಭವವುಂಟು. ಹಾಗೆಂದು ಆಳ ಹೆಚ್ಚಿದಷ್ಟೂ ಲೇಸೆಂದು ತಿಳಿಯಲಾಗದು. ಮೇಲಿನ ಭಾರಕ್ಕೆ ಸೀಳುಗಳು ಮುಚ್ಚಿಕೊಂಡರೆ ಇರುವ ಅನಿಲವೂ ಕೈಗೆ ದೊರೆಯದು.

ಹಿಂದೆ ದೋಷವೆಂದು ಬರೆದಿಟ್ಟುದು ಇಂದು ಅರ್ಥಗರ್ಭಿತವಾಗಿರುವುದು ಇನ್ನೂ ಸ್ವಾರಸ್ಯ. ಕಲ್ಲಿದ್ದಲಿನ ನಡುವೆ ನುಗ್ಗಿದ ಅಗ್ನಿಶಿಲೆಯ ಗೋಡೆಗಳು ಝರಿಯಾದಲ್ಲಿ ಹೇರಳ. ಅವುಗಳ ಕಾವಿನಿಂದ ಸುಟ್ಟುಹೋದ ಕಲ್ಲಿದ್ದಲಿಗೆ ಅಲ್ಲಿಯವರು ‘ಝಾಮಾ’ ಎನ್ನುವರು; ಅತಿಯಾಗಿ ಬೆಂದ ಇಟ್ಟಿಗೆಗೂ ಅದೇ ಮಾತು. ಗಣಿಗಾರನಿಗೆ ಇದು ಶುದ್ಧ ನಷ್ಟ. ಅನಿಲಾನ್ವೇಷಕನಾದರೋ ಇಲ್ಲಿ ನಿಂತು ನೋಡಬೇಕು: ಗೋಡೆಯಿಂದ ತುಸು ದೂರದಲ್ಲಿ ಅದೇ ಕಾವು ಕಲ್ಲಿದ್ದಲಿನ ಪಾಕವನ್ನು ಹೆಚ್ಚಿಸಿ ಅನಿಲವನ್ನು ಹುಟ್ಟಿಸಿರಬಹುದು, ಗೋಡೆಯೇ ನೀರಿನ ಹರಿವಿಗೆ ಕಟ್ಟೆಯಾಗಿರಲೂಬಹುದು. ಹಿಂದಿನವರು ಈ ಗೋಡೆಗಳನ್ನು ಗುರುತಿಸಿದುದು ಬೇರೊಂದು ಪ್ರಯೋಜನಕ್ಕಾದರೂ ನಾವು ಅವರಿಗೆ ಋಣಿಗಳು.

ಈ ಅರ್ಥಪಲ್ಲಟದಲ್ಲಿ ಒಂದು ಕಠೋರ ಸಂಗತಿಯೂ ಅಡಗಿದೆ. ನಮ್ಮ ಗಣಿಗಳಲ್ಲಿ ಪದರಗಳನ್ನು ಅನಿಲದ ಲೆಕ್ಕದಿಂದ ಮೂರು ದರ್ಜೆಗಳಾಗಿ ವಿಂಗಡಿಸುವರು. ತೆಗೆದ ಒಂದು ಟನ್ನು ಕಲ್ಲಿದ್ದಲಿಗೆ ಹೊರಬೀಳುವ ಅನಿಲವು 10 ಘನ ಮೀಟರನ್ನು ಮೀರಿದರೆ ಅದು ಮೂರನೆಯ ದರ್ಜೆ. ಈ ಅಂಕಿಯು ಹುಟ್ಟಿದುದು ಭಯದಿಂದ. ದಾಮೋದರ ಕಣಿವೆಯ ಧೋರಿ ಗಣಿಯಲ್ಲಿ 1965ರ ಮೇ 28ರಂದು ನಡೆದ ಸ್ಫೋಟದಲ್ಲಿ 268 ಮಂದಿ ಮಡಿದರು. ಆ ಭಯದ ಅಂಕಿಯನ್ನೇ ಇಂದಿನ ಅನ್ವೇಷಕನು ಸಂಪತ್ತಿನ ಸೂಚನೆಯಾಗಿ ಓದುತ್ತಾನೆ. ಇದು ತಪ್ಪೆಂದು ನಾನು ಹೇಳಲಾರೆ. ಅಗೆಯುವುದಕ್ಕೆ ಮುಂಚೆ ಅನಿಲವನ್ನು ತೆಗೆದರೆ ಮುಂದೆ ಇಳಿಯುವ ಕೂಲಿಯವನಿಗೆ ಅಷ್ಟು ಅಪಾಯ ಕಡಿಮೆ. ಆದರೆ ಅಂಕಿಯ ಹಿಂದಿನ ಇತಿಹಾಸವನ್ನು ಅರಿತು ಓದುವುದು ಬೇರೆ, ಅರಿಯದೆ ಓದುವುದು ಬೇರೆ.

ಹೊಸ ನಕ್ಷೆಗಳ ವಿಷಯದಲ್ಲಿ ನನ್ನ ಆಕ್ಷೇಪಣೆಯು ಒಂದೇ. ಒಂದು ಕೊರೆಬಾವಿಯಲ್ಲಿ ಸಿಕ್ಕ ಪದರವೂ ಇನ್ನೊಂದರಲ್ಲಿ ಸಿಕ್ಕುದೂ ಒಂದೆಯೇ ಎಂದು ನಿರ್ಧರಿಸುವುದು, ಓಲೆಪ್ರತಿಗಳನ್ನು ಹೋಲಿಸಿ ಪಾಠವನ್ನು ನಿಶ್ಚಯಿಸುವಷ್ಟೇ ತೊಡಕಿನ ಕೆಲಸ. ಝರಿಯಾದಲ್ಲಿ 5ನೆಯದರಿಂದ 8ನೆಯದರವರೆಗಿನ ಪದರಗಳು ಕೆಲವೆಡೆ ಕೂಡಿ ಒಂದಾಗಿವೆ, ಕೆಲವೆಡೆ ಬೇರೆಬೇರೆಯಾಗಿವೆ. ನೆಲದ ಮೇಲೆ ನಡೆದು ನಕ್ಷೆ ಬರೆಯುವವರ ಸಂಪ್ರದಾಯದಲ್ಲಿ ಕಂಡ ಎಲ್ಲೆಗೆ ತುಂಬುಗೆರೆಯನ್ನೂ ಊಹಿಸಿದುದಕ್ಕೆ ಕಡಿಗೆರೆಯನ್ನೂ ಎಳೆಯುವುದುಂಟು. ಇಂದು ಗಣಕಯಂತ್ರವು ಹತ್ತಾರು ಬಾವಿಗಳ ಅಂಕಿಗಳಿಂದ ಆಳದ ಸಮರೇಖೆಗಳನ್ನು ಎಳೆದುಕೊಡುವಾಗ, ಕಂಡುದೂ ಊಹಿಸಿದುದೂ ಒಂದೇ ನುಣುಪಿನಿಂದ ಮೂಡುತ್ತವೆ. ಬಾವಿಗಳ ಸ್ಥಾನಗಳನ್ನಾದರೂ ಆ ಗೆರೆಗಳ ಮೇಲೆಯೇ ಚುಕ್ಕೆಯಿಟ್ಟು ತೋರಿಸಿದರೆ, ಎಲ್ಲಿ ಸಾಕ್ಷ್ಯವು ಮುಗಿದು ಊಹೆಯು ತೊಡಗುತ್ತದೆಂಬುದನ್ನು ಓದುವವನು ತಾನೇ ಕಂಡುಕೊಳ್ಳುವನು.