‘ಗೈಡ್’ ಕಾದಂಬರಿಯ ಚಿತ್ರರೂಪ: ನಿರ್ದೇಶಕಭೇದದ ವಿಚಾರ

ಒಂದೇ ಕಥಾವಸ್ತುವು ಇಬ್ಬರು ಕವಿಗಳ ಕೈಯಲ್ಲಿ ಎರಡು ಬೇರೆಬೇರೆ ಕೃತಿಗಳಾಗುವುದು ಕನ್ನಡ ವಾಚಕರಿಗೆ ಹೊಸ ಸಂಗತಿಯಲ್ಲ. ವ್ಯಾಸಭಾರತದಲ್ಲಿ ಐವರ ಪತ್ನಿಯಾದ ದ್ರೌಪದಿಯನ್ನು ಪಂಪನು ಅರ್ಜುನನೊಬ್ಬನಿಗೇ ಸಲ್ಲಿಸಿದನು. ಕುಮಾರವ್ಯಾಸನು ಮೂಲದ ಹಾದಿಯನ್ನೇ ಹಿಡಿದನು. ಇಂತಹ ಭೇದಗಳಿಂದ ಕಾವ್ಯದ ಹೃದಯವು ಹೇಗೆ ಬೇರೆಯಾಗುವುದೆಂಬುದನ್ನು ನಮ್ಮ ವಿಮರ್ಶಕರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಚಲಚ್ಚಿತ್ರದ ವಿಷಯದಲ್ಲಿಯೂ “ಇದು ಮತ್ತೊಬ್ಬ ನಿರ್ದೇಶಕನ ಕೈಸೇರಿದ್ದರೆ ಹೇಗಾಗುತ್ತಿತ್ತು?” ಎಂಬ ಪ್ರಶ್ನೆಯನ್ನು ಬರಿಯ ಊಹಾವಿನೋದವೆಂದು ತಳ್ಳಿಹಾಕಬೇಕಾದುದಿಲ್ಲ. ಆ ಮತ್ತೊಬ್ಬನ ಕೃತಿಗಳು ನಮ್ಮ ಮುಂದಿದ್ದಲ್ಲಿ ಊಹೆಗೆ ಪ್ರಮಾಣವು ದೊರೆಯುತ್ತದೆ.

ಮೈಸೂರಿನಲ್ಲಿ ನೆಲಸಿ ಇಂಗ್ಲಿಷಿನಲ್ಲಿ ಬರೆದ ಆರ್. ಕೆ. ನಾರಾಯಣರ ‘ದಿ ಗೈಡ್’ (1958) ಕಾದಂಬರಿಯು ಈ ವಿಚಾರಕ್ಕೆ ತಕ್ಕ ಉದಾಹರಣೆಯಾಗಿದೆ. ಇದಕ್ಕೆ 1960ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಇದರಿಂದ ಹುಟ್ಟಿದ ಚಿತ್ರಗಳು ಎರಡು. ಇಂಗ್ಲಿಷ್ ರೂಪವನ್ನು ಟ್ಯಾಡ್ ಡೇನಿಯಲೆವ್ಸ್ಕಿಯವರು ನಿರ್ದೇಶಿಸಿದರು. ಪರ್ಲ್ ಬಕ್ ಅವರು ಅದರ ಚಿತ್ರಕಥೆಯ ರಚನೆಯಲ್ಲಿ ಪಾಲುಗೊಂಡಿದ್ದರು. ಹಿಂದೀ ರೂಪವನ್ನು ಮೊದಲು ಚೇತನ್ ಆನಂದರು ನಿರ್ದೇಶಿಸಬೇಕೆಂದಿದ್ದು, ಅವರು ‘ಹಕೀಕತ್’ (1964) ಚಿತ್ರದ ಕಾರ್ಯಕ್ಕೆ ತೆರಳಿದ ಮೇಲೆ ಆ ಭಾರವು ತಮ್ಮಂದಿರಾದ ವಿಜಯ ಆನಂದರ ಮೇಲೆ ಬಿದ್ದಿತು. ಚಿತ್ರವು 1965ರಲ್ಲಿ ಹೊರಬಂದಿತು. ಇವರಲ್ಲದೆ ಸತ್ಯಜಿತ್ ರಾಯರಿಗೂ ಈ ಕಾದಂಬರಿಯಲ್ಲಿ ಆಸಕ್ತಿಯಿದ್ದಿತೆಂದು ರೋಸಿಯ ಪಾತ್ರ ವಹಿಸಿದ ವಹೀದಾ ರೆಹಮಾನರೇ ಹೇಳಿದ್ದಾರೆ. ರಾಯರ ‘ಗೈಡ್’ ಎಂತಹುದಾಗುತ್ತಿತ್ತು? ಎರಡು ಸ್ಥಳಗಳನ್ನು ಪರೀಕ್ಷಿಸಿದರೆ ಸಾಕು.

ಮೊದಲನೆಯದು ಮಾರ್ಕೋವಿನ ಪಾತ್ರ. ಕಾದಂಬರಿಯಲ್ಲಿ ಈತನು ದುಷ್ಟನಲ್ಲ. ಗುಹೆಗಳ ಗೋಡೆಗಳಲ್ಲಿ ಮೈಮರೆತು ಹೆಂಡತಿಯನ್ನು ಮರೆತ ಪಂಡಿತ. ಅವನಲ್ಲಿ ಘೋರವಾದ ತಪ್ಪು ಇಲ್ಲದಿರುವುದರಿಂದಲೇ ರೋಸಿ ಮತ್ತು ರಾಜುವಿನ ಸಂಬಂಧವು ಓದುಗನನ್ನು ಧರ್ಮಸಂಕಟಕ್ಕೆ ಗುರಿಮಾಡುತ್ತದೆ. ಹಿಂದೀ ಚಿತ್ರವು ಮಾರ್ಕೋವನ್ನು ಪರಸ್ತ್ರೀಸಂಗಿಯನ್ನಾಗಿ ತೋರಿಸಿ ಪ್ರೇಕ್ಷಕನ ಸಂಕಟವನ್ನು ಹಗುರಮಾಡಿತು. ನಾಯಿಕೆಯನ್ನು ಕಾಪಾಡುವುದಕ್ಕಾಗಿ ಗಂಡನನ್ನು ಬಲಿಕೊಟ್ಟಿತು. ರಾಯರಿಗೆ ಇದರ ಅವಶ್ಯಕತೆ ಇರಲಿಲ್ಲವೆಂಬುದಕ್ಕೆ ‘ಚಾರುಲತಾ’ (1964) ಸಾಕ್ಷಿ. ಅಲ್ಲಿಯ ಭೂಪತಿಯು ಪತ್ರಿಕೆಯ ಕೆಲಸದಲ್ಲಿ ಮುಳುಗಿ ಮಡದಿಯ ಏಕಾಕಿತನವನ್ನು ಕಾಣದವನು, ಆದರೂ ಸಜ್ಜನ. ಆ ಚಿತ್ರದಲ್ಲಿ ಯಾರನ್ನೂ ಖಳನನ್ನಾಗಿ ಮಾಡದೆಯೇ ಮನೆಯು ಒಡೆಯುತ್ತದೆ. ಮಾರ್ಕೋವನ್ನು ನಾರಾಯಣರು ಕಂಡಂತೆಯೇ ಕಾಣಬಲ್ಲ ನಿರ್ದೇಶಕರು ರಾಯರೆಂದು ಧೈರ್ಯವಾಗಿ ಹೇಳಬಹುದು.

ಎರಡನೆಯದು ಅಂತ್ಯ. ಸೆರೆಯಿಂದ ಬಿಡುಗಡೆಯಾಗಿ ಹಾಳುಗುಡಿಯಲ್ಲಿ ಕುಳಿತ ರಾಜುವನ್ನು ಹಳ್ಳಿಯವರು ಸಾಧುವೆಂದು ಭಾವಿಸುತ್ತಾರೆ. ಮಾತು ತಪ್ಪಾಗಿ ಮುಟ್ಟಿದುದರಿಂದ ಮಳೆಗಾಗಿ ಉಪವಾಸವು ಅವನ ತಲೆಗೆ ಕಟ್ಟಲ್ಪಡುತ್ತದೆ. ಅವನು ತನ್ನ ಪೂರ್ವಕಥೆಯನ್ನೆಲ್ಲ ವೇಲನಿಗೆ ಒಪ್ಪಿಸಿದರೂ ವೇಲನ ಭಕ್ತಿ ಕುಂದುವುದಿಲ್ಲ. ಕೊನೆಯಲ್ಲಿ ಮಳೆ ಬಂದಿತೆ, ರಾಜು ಸತ್ತನೆ ಎಂಬುದನ್ನು ನಾರಾಯಣರು ಹೇಳದೆ ಬಿಟ್ಟಿದ್ದಾರೆ. ವಿಜಯ ಆನಂದರ ಚಿತ್ರದಲ್ಲಿ ಮಳೆ ಸುರಿಯುತ್ತದೆ. ರಾಜು ಮುಕ್ತನಾಗಿ ಮಡಿಯುತ್ತಾನೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಉಪವಾಸವನ್ನು ಚಿತ್ರೀಕರಿಸಲು ಅಮೆರಿಕದ ಮ್ಯಾಲೋನ್ ಎಂಬಾತನು ಕ್ಯಾಮೆರಾದೊಡನೆ ಬರುವುದು ಕಾದಂಬರಿಯಲ್ಲಿಯೇ ಇದೆ. ಹೀಗೆ ಗ್ರಂಥಕರ್ತರು ಕ್ಯಾಮೆರಾವನ್ನೂ ಜಾತ್ರೆಯ ಒಳಗೇ ಸೇರಿಸಿಬಿಟ್ಟಿದ್ದಾರೆ. ಆದುದರಿಂದ ಈ ಕಥೆಯನ್ನು ಚಿತ್ರಿಸುವವನು ತನ್ನ ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸಲೇಬೇಕು. ವಿಜಯ ಆನಂದರದು ಭಕ್ತಸಮೂಹದ ನಡುವೆ ನಿಂತಿತು. ಸಮೂಹವು ಬಯಸಿದುದನ್ನೇ ಕಂಡಿತು.

ರಾಯರು ‘ದೇವಿ’ (1960) ಚಿತ್ರದಲ್ಲಿ ಇದೇ ಸಮಸ್ಯೆಯನ್ನು ಎದುರಿಸಿದ್ದರು. ಮಾವನ ಕನಸಿನಿಂದ ದೇವತೆಯಾದ ದಯಾಮಯಿಯ ಮುಂದೆ ಒಂದು ಮಗು ಚೇತರಿಸಿಕೊಳ್ಳುತ್ತದೆ, ಮತ್ತೊಂದು ಸಾಯುತ್ತದೆ. ಅಲ್ಲಿ ಕ್ಯಾಮೆರಾ ಪೂಜಿಸುವವರ ಕಡೆಗಿಂತ ಪೂಜೆಯ ಭಾರಕ್ಕೆ ಕುಸಿಯುವವಳ ಮುಖದ ಕಡೆಗೇ ಒಲಿಯುತ್ತದೆ. ರಾಜುವಿನ ಹಸಿವು, ಭಯ, ಓಡಿಹೋಗುವ ಆಸೆಗಳು ಇಂತಹ ದೃಷ್ಟಿಯಲ್ಲಿ ಉಜ್ವಲವಾಗಿ ಮೂಡುತ್ತಿದ್ದುವು.

ಆದರೆ ಇಷ್ಟರಿಂದ ರಾಯರ ಪಕ್ಷವೇ ಗೆದ್ದಿತೆಂದು ಹೇಳಲಾಗದು. ‘ಗೈಡ್’ ಹೊರಬಂದ 1965ರಲ್ಲಿಯೇ ಅವರು ‘ಮಹಾಪುರುಷ’ ಎಂಬ ಚಿತ್ರದಲ್ಲಿ ಕಪಟಸಾಧುವೊಬ್ಬನನ್ನು ನಗೆಗೀಡುಮಾಡಿದರು. ನಾರಾಯಣರ ರಾಜು ಕಪಟಿಯೂ ಹೌದು. ಕೊನೆಗೆ ಹಣ, ಕಾಮಗಳೆರಡನ್ನೂ ಮೀರಿದ ಒಂದು ಶ್ರದ್ಧೆಯನ್ನು ಅನುಭವಿಸುವವನೂ ಹೌದು. ರಾಯರ ವಿವೇಕಬುದ್ಧಿಯು ಈ ಪರಿವರ್ತನೆಯನ್ನು ಜನರ ಭ್ರಾಂತಿಯೊಳಗೇ ಅಡಗಿಸಿಬಿಡುವ ಅಪಾಯವಿದ್ದಿತು. ಸ್ಥಳದ ವಿಷಯದಲ್ಲಿಯೂ ಹಾಗೆಯೇ. ಮಾಲ್ಗುಡಿಯನ್ನು ಬಿಟ್ಟು ಉದಯಪುರದ ಕಡೆಗೆ ಕಥೆ ಸಾಗಿದುದನ್ನು ನಾರಾಯಣರು ತಮ್ಮ ಪ್ರಬಂಧವೊಂದರಲ್ಲಿ ಕಟುವಾಗಿ ಪರಿಹಾಸ್ಯಮಾಡಿದ್ದಾರೆ. ಆದರೆ 1977ರ ‘ಶತರಂಜ್ ಕೆ ಖಿಲಾಡಿ’ಯವರೆಗೂ ಬಂಗಾಳಿಯಲ್ಲಿಯೇ ಕಥಾಚಿತ್ರಗಳನ್ನು ಮಾಡಿದ ರಾಯರು ಮಾಲ್ಗುಡಿಯನ್ನು ಪ್ರಾಯಶಃ ವಂಗದೇಶಕ್ಕೆ ಒಯ್ಯುತ್ತಿದ್ದರು. ಆ ಊರಿಗೆ ಕನ್ನಡ ನಾಡಿನ ನೆಲವು ದೊರೆತುದು ಶಂಕರ್ ನಾಗ್ ಅವರು ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರಿಸಿದಾಗ.

ಮತ್ತೊಂದು ಮಾತನ್ನೂ ನ್ಯಾಯಕ್ಕಾಗಿ ಹೇಳಬೇಕು. ರೋಸಿಯ ನೃತ್ಯವು ಕಾದಂಬರಿಯಲ್ಲಿ ಹೆಚ್ಚಾಗಿ ರಾಜುವಿನ ಬಾಯಿಂದ ಕೇಳಿಬರುವ ವಾರ್ತೆ. ಹಿಂದೀ ಚಿತ್ರದಲ್ಲಿ ಸಚಿನ್ ದೇವ್ ಬರ್ಮನರ ಸಂಗೀತದೊಡನೆ ಅದು ಪ್ರತ್ಯಕ್ಷವಾಗಿ, ಆಕೆಯ ಸ್ವಂತ ಜೀವನವಾಗುತ್ತದೆ. ಮೂಲವನ್ನು ಮೀರಿದ ಈ ಗುಣವನ್ನು ಮೂಲನಿಷ್ಠೆಯ ಹೆಸರಿನಲ್ಲಿ ಅಲ್ಲಗಳೆಯುವುದು ಸರಿಯಲ್ಲ.

ರೂಪಾಂತರಗಳನ್ನು ಬೋಧಿಸುವ ಅಧ್ಯಾಪಕರು ಏನು ಬಿಟ್ಟುಹೋಯಿತೆಂಬ ಪಟ್ಟಿಯಲ್ಲಿಯೇ ನಿಲ್ಲುವುದುಂಟು. ಬದಲಾವಣೆಯು ದೋಷವಲ್ಲ, ಪಂಪನೂ ಬದಲಾಯಿಸಿದನು. ಮೂಲವು ಉದ್ದೇಶಪೂರ್ವಕವಾಗಿ ಬಿಡಿಸದೆ ಇಟ್ಟ ಗಂಟನ್ನು ಹೊಸ ಕರ್ತೃವು ಬಿಚ್ಚಿದನೆ, ಬಿಚ್ಚಿದಲ್ಲಿ ಅದಕ್ಕೆ ಸಮನಾದ ಬೇರೊಂದನ್ನು ಕೊಟ್ಟನೆ ಎಂಬುದೇ ಪ್ರಶ್ನೆ. ವಿಜಯ ಆನಂದರು ಮಳೆಯ ಪ್ರಶ್ನೆಗೆ ಹೌದೆಂದು ಉತ್ತರಕೊಟ್ಟರು; ರಾಯರು ಅಲ್ಲವೆನ್ನುವ ಸಂಭವವಿದ್ದಿತು. ನಾರಾಯಣರ ಅಂತ್ಯಕ್ಕೆ ಈ ಎರಡು ಉತ್ತರಗಳೂ ಸಾಲವು.